ಒಂದೇ ಹೆಸರಿನ ಎರಡು ತಂಬಿಗೆ

ಸುಲ್ತಾನ್ ಬಜಾರಿನ ನಮ್ಮ ಹಳೆಯ ವಾಡೆಯಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ಒಬ್ಬಳು ನನ್ನ ಅಜ್ಜಿ. ಇನ್ನೊಬ್ಬಳು ಅಂಗಳದ ಆಚೆ ಬಾಡಿಗೆಗಿದ್ದ ತೆಲುಗರ ಮನೆಯ ಹಿರಿಯಳು. ಆಗೆಲ್ಲ ಪಾತ್ರೆ ಕೊಂಡರೆ ಅಂಗಡಿಯವನೇ ಕೂತು ಅದರ ಮೇಲೆ ಹೆಸರು ಕೆತ್ತಿ ಕೊಡುತ್ತಿದ್ದ. ಹಾಗಾಗಿ ಎರಡೂ ಮನೆಯ ತಂಬಿಗೆಗಳ ಮೇಲೆ ಒಂದೇ ಹೆಸರು. ನಮ್ಮದು ಕನ್ನಡದಲ್ಲಿ, ಅವರದು ತೆಲುಗಿನಲ್ಲಿ. ಆದರೆ ಆ ಎರಡು ಲಿಪಿಗಳು ಎಷ್ಟು ಹತ್ತಿರ ಎಂದರೆ ತಲೆಕಟ್ಟು ನೋಡಿಯೇ ಹೇಳಬೇಕು. ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತಲೆಕಟ್ಟು ಸವೆದ ಮೇಲೆ ಅದೂ ಇಲ್ಲ.

ಒಂದು ಮಧ್ಯಾಹ್ನ ಶಾಲೆಯಿಂದ ಬಿಸಿಲಲ್ಲಿ ಬಂದವಳು ನಲ್ಲಿಯ ಪಕ್ಕದ ಗೂಡಿನಲ್ಲಿದ್ದ ತಂಬಿಗೆ ಎತ್ತಿದೆ. ಅಜ್ಜಿಯ ಹೆಸರಿತ್ತು. ಒಳಗೆ ಬೆಳ್ಳಗೆ, ತಣ್ಣಗೆ, ಮಜ್ಜಿಗೆ. ತುಟಿಯ ತನಕ ಬಂದಿತ್ತು. ಅಜ್ಜಿ ಎಲ್ಲಿಂದ ಓಡಿ ಬಂದಳೋ ಕಾಣೆ, ನನ್ನ ಕೈಗೆ ಹೊಡೆದ ಏಟಿಗೆ ತಂಬಿಗೆ ಅಂಗಳದ ತುದಿಗೆ ಹೋಗಿ ಬಿತ್ತು. ಬಿದ್ದಲ್ಲಿ ಬಿಸಿಲಿಗೆ ಕಾದ ಕಲ್ಲು ಬೆಳ್ಳಗಾಗಿ ಸಣ್ಣಗೆ ಸುಂಯ್ ಎಂದಿತು. ಆಚೆ ಮನೆಯವರು ಗೋಡೆಗೆ ಹಚ್ಚಲು ಕಲಸಿಟ್ಟ ಸುಣ್ಣ ಅದು.

"ಹೆಸರು ನೋಡಿ ಕುಡಿಯಾಕ ಹೋಗಿದ್ಯಾ? ಅದು ಭಾಂಡಿ ಮ್ಯಾಲಿನ ಹೆಸರು. ಒಳಗ ಯಾರು ಏನು ಸುರದಾರ ಅಂತ ಭಾಂಡಿ ಬಾಯಿ ಬಿಟ್ಟು ಹೇಳತೈತೇನು?" ಎಂದು ಅಜ್ಜಿ ಬೈದಳು. ನನ್ನ ಕನ್ನಡವೆಲ್ಲ ಆ ಅಜ್ಜಿಯ ಬಾಯಿಂದ, ಅವಳ ಓರಗೆಯವರ ಬಾಯಿಂದ ಬಂದದ್ದು. ಹೊರಗೆ ತೆಲುಗು, ಶಾಲೆಯಲ್ಲಿ ಹಿಂದಿ, ಒಲೆಯ ಮುಂದೆ ಮಾತ್ರ ಇದು.

ಎಷ್ಟೋ ವರ್ಷಗಳ ನಂತರ, ಕೊಂಡಾಪುರದ ಎತ್ತರದ ಕಟ್ಟಡವೊಂದರ ಹವಾನಿಯಂತ್ರಿತ ಕೋಣೆಯಲ್ಲಿ ಕೂತಿದ್ದಾಗ, ಆ ಸುಂಯ್ ಎಂಬ ಸದ್ದು ನನಗೆ ಇನ್ನೊಮ್ಮೆ ಕೇಳಿಸಿತು. ಆ ಕತೆಯನ್ನೇ ಹೇಳಲು ಹೊರಟಿದ್ದೇನೆ.

ನಮ್ಮದು ಸಣ್ಣ ಕಂಪನಿ. ಆಸ್ಪತ್ರೆಗಳಿಗೆ ಜಾವಾದಲ್ಲಿ ವೆಬ್ ಪುಟಗಳನ್ನು ಬರೆದು, ಬರೆದದ್ದನ್ನು ವರ್ಷಗಟ್ಟಲೆ ರಿಪೇರಿ ಮಾಡಿಕೊಂಡು ಇರುವುದು. ಪುಟದ ಹೊರರೂಪ ನನ್ನ ಪಾಲು: ಬಣ್ಣ, ಅಕ್ಷರ, ಅಂಚು. ಒಳಗಿನ ಯಂತ್ರ ನೋಡಿಕೊಳ್ಳುತ್ತಿದ್ದವರು ಬೀದರ್ ಕಡೆಯ ಹಿರಿಯರೊಬ್ಬರು. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ ನಮ್ಮಲ್ಲಿಗೆ ಬಂದಿದ್ದರು. ನಾನು ಕಾಕಾ ಎಂದು ಶುರು ಮಾಡಿದೆ, ಆಮೇಲೆ ತೆಲುಗರು, ತಮಿಳರು, ಮಾಲೀಕರು ಎಲ್ಲರಿಗೂ ಅವರು ಕಾಕಾ ಆದರು.

ನಮ್ಮ ಪುಟಗಳಲ್ಲಿ ಸ್ವಂತ ಟ್ಯಾಗುಗಳಿದ್ದವು. ಪುಟದಲ್ಲಿ ಒಂದು ಸಾಲಿನ ಟ್ಯಾಗ್ ಬರೆದರೆ ಸಾಕು, ಅದು ಹಿಂದೆ ಮಲಗಿದ್ದ ಜಾವಾವನ್ನು ಎಬ್ಬಿಸಿ, ರೋಗಿಯ ವಯಸ್ಸನ್ನೋ ರಕ್ತದ ಗುಂಪನ್ನೋ ತಂದು ಆ ಜಾಗದಲ್ಲೇ ಸುರಿಯುತ್ತಿತ್ತು. ಆದರೆ ಎಷ್ಟೋ ಸಲ ತಂದದ್ದನ್ನು ತಕ್ಷಣ ಸುರಿಯುವುದು ಬೇಡ. ಕೆಳಗೆ ಇನ್ನೆರಡು ಕಡೆ ಅದೇ ಬೇಕಾಗಿರುತ್ತದೆ, ಅದನ್ನು ನೋಡಿ ಬಣ್ಣ ಬದಲಿಸಬೇಕಾಗಿರುತ್ತದೆ. ಆಗ ಟ್ಯಾಗಿಗೆ ಹೇಳುವುದು: ಸುರಿಯಬೇಡ, ಈ ಹೆಸರಿನ ಪಾತ್ರೆಯಲ್ಲಿ ತುಂಬಿ ಗೂಡಿನಲ್ಲಿ ಇಡು, ಬೇಕಾದಾಗ ಹೆಸರು ಹಿಡಿದು ಕೇಳುತ್ತೇನೆ. ಆ ಪಾತ್ರೆಗೆ ಕಸುಬಿನವರು ವೇರಿಯೇಬಲ್ ಎನ್ನುತ್ತಾರೆ. ಒಂದು ಪುಟಕ್ಕೆ ಒಂದು ಗೂಡು. ಒಂದೇ ಗೂಡಿನಲ್ಲಿ ಅದೇ ಹೆಸರಿನ ಪಾತ್ರೆ ಇನ್ನೊಂದು ಬಂದರೆ ಎರಡು ಪಾತ್ರೆ ಆಗುವುದಿಲ್ಲ. ಮೊದಲಿನದನ್ನು ಚೆಲ್ಲಿ ಎರಡನೆಯದನ್ನು ತುಂಬಿಕೊಳ್ಳುತ್ತದೆ. ಚೆಲ್ಲಿದ ಸದ್ದು ಯಾರಿಗೂ ಕೇಳುವುದಿಲ್ಲ.

ಈ ಕಾಟ ಮೊದಲು ನಮ್ಮಲ್ಲಿ ಬಹಳವಿತ್ತು. ಎಲ್ಲರೂ ಇಂಗ್ಲಿಷಿನಲ್ಲಿ ಅದೇ ನಾಲ್ಕು ಹೆಸರಿಡುವವರು, ರಿಸಲ್ಟ್, ಟೆಂಪ್, ಡೇಟಾ ಅಂತ. ಒಬ್ಬರ ಪಾತ್ರೆಯಲ್ಲಿ ಇನ್ನೊಬ್ಬರು ಸುರಿದು ದಿನಾ ಜಗಳ. ಕಡೆಗೆ ಕಾಕಾ ಒಂದು ನೇಮ ಮಾಡಿದರು.

"ಇವತ್ತಿನಿಂದ ಇಂಗ್ಲಿಷ್ ಬಂದ್. ತಮ್ಮ ತಮ್ಮ ಮನಿ ಮಾತಿನ್ಯಾಗ ಹೆಸರಿಡ್ರಿ. ನಿಮ್ಮವ್ವ ಏನಂತ ಕರೀತಾಳ ಅದನ್ನ ಬರೀರಿ. ಆವಾಗ ನಂದು ನಿನಗ ಹತ್ತೂದಿಲ್ಲ, ನಿಂದು ನನಗ ಹತ್ತೂದಿಲ್ಲ."

ನಕ್ಕೆವು. ಆದರೆ ಆ ನೇಮ ಕೆಲಸ ಮಾಡಿತು. ಇಂಗ್ಲಿಷ್ ಅಕ್ಷರಗಳಲ್ಲಿ ಕಾಕಾರ 'ಹೆಸರು', ತಮಿಳು ಹುಡುಗನ 'ಪೇಯರ್', ತೆಲುಗಿನವರ 'ಪೇರು' ಅಕ್ಕಪಕ್ಕ ಕೂತು ಜಗಳವಿಲ್ಲದೆ ಬದುಕಿದವು. ಹೊಸಬರು ಬಂದರೆ ಕಾಕಾ ಮೊದಲು ಕೇಳುವುದು, ನಿನ್ನ ಮನೆಮಾತು ಯಾವುದು ಅಂತ. ಮದುವೆಗೆ ಹುಡುಗಿ ನೋಡಲು ಬಂದವರ ಹಾಗೆ.

ಹಾಗೆ ಬಂದವಳು ಆ ತೆಲುಗು ಹುಡುಗಿ. ವರಂಗಲ್ ಕಡೆಯವಳು, ಮದುವೆಯಾಗಿ ಅಬಿಡ್ಸ್ ಹತ್ತಿರದ ಗಂಡನ ಮನೆಯಲ್ಲಿದ್ದಳು. ಮಾತು ಬಹಳ, ಕೆಲಸ ಇನ್ನೂ ಚುರುಕು. ನನ್ನನ್ನು ಅಕ್ಕಾ ಎನ್ನುವಳು.

"ಅಕ್ಕ ಅಂದ್ರ ನಮ್ಮಾಗೂ ಅಕ್ಕನ," ಎಂದರು ಕಾಕಾ ಮೊದಲ ದಿನ ಊಟದ ಹೊತ್ತಿಗೆ. "ಊರಿಗೆ ಏನಂತೀರವಾ?"

"ಊರು!"

"ಕಾಲಿಗೆ?"

"ಕಾಲು!"

"ಅಲ್ಲಲೇ, ನೀ ನಮ್ಮಾಕಿನ ಅದೀಯಲ್ಲ. ಯಾರೋ ಕದ್ದು ವರಂಗಲ್ಲಿಗೆ ಒಯ್ದಾರ."

ಅದೇ ಅವರಿಬ್ಬರ ಆಟವಾಯಿತು. ದಿನಾ ಡಬ್ಬಿ ಬಿಚ್ಚುವಾಗ ಒಬ್ಬರು ಒಂದು ಮಾತು ಹೇಳುವುದು, ಇನ್ನೊಬ್ಬರದು ಅದೇ ಆದರೆ ಡಬ್ಬಿಯಿಂದ ಒಂದು ತುತ್ತು ಕೊಡುವುದು. ಕಾಕಾರ ಜೋಳದ ರೊಟ್ಟಿ, ಎಣಗಾಯಿಯ ಅರ್ಧ ಅವಳ ಪಾಲಾಗುತ್ತಿತ್ತು. ಅವಳ ಗೋಂಗೂರ ಇವರ ಪಾಲಿಗೆ. ಎರಡು ಭಾಷೆ ಎಷ್ಟು ಹತ್ತಿರ ಎಂದು ಊಟದ ಮೇಜಿನಲ್ಲಿ ಕುಣಿದಾಡುವವರು, ಕೈ ತೊಳೆದು ಬಂದು, ಎರಡು ಭಾಷೆ ಬೇರೆ ಎಂಬ ಧೈರ್ಯದ ಮೇಲೆ ಕೆಲಸಕ್ಕೆ ಕೂರುತ್ತಿದ್ದರು. ನಾನೂ ಅವರ ಮಧ್ಯೆಯೇ ಕೂತಿದ್ದೆ. ಇದನ್ನೂ ಅದನ್ನೂ ಜೋಡಿಸಿ ನೋಡುವುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆಗ ನಮ್ಮ ಕೈಯಲ್ಲಿದ್ದದ್ದು ಅಬಿಡ್ಸ್ ಹಿಂದಿನ ಗಲ್ಲಿಯ ಒಂದು ಹೆರಿಗೆ ಆಸ್ಪತ್ರೆಯ ಪುಟ. ತಾಯಿಯ ಕೈಪಟ್ಟಿಯ ಮೇಲೆ ಅಂಟಿಸುವ ಚೀಟಿ ಆ ಪುಟದಿಂದ ಅಚ್ಚಾಗುತ್ತಿತ್ತು: ಹೆಸರು, ವಯಸ್ಸು, ರಕ್ತದ ಗುಂಪು. ರಕ್ತ ನೆಗೆಟಿವ್ ಆಗಿದ್ದರೆ ಮಾತ್ರ ಚೀಟಿಯ ಅಂಚಿಗೆ ಒಂದು ಕೆಂಪು ಗೆರೆ. ಆ ಗೆರೆ ಯಾತಕ್ಕೆ ಎಂದು ಕಾಕಾ ನನಗೆ ಹೇಳಿದ್ದರು.

"ತಾಯಿ ರಕ್ತ ನೆಗೆಟಿವ್ ಇದ್ದು ಕೂಸಿಂದು ಪಾಸಿಟಿವ್ ಇತ್ತಂದ್ರ, ಹಡದು ಮೂರು ದಿನದೊಳಗ ತಾಯಿಗೆ ಒಂದು ಇಂಜೆಕ್ಷನ್ ಕೊಡಬೇಕಂತ. ನರ್ಸ್ ಮಂದಿ ಕೂಸಿನ ರಿಪೋರ್ಟ್ ನೋಡತಾರ, ತಾಯಿ ಕೈ ನೋಡತಾರ. ಕೆಂಪು ಕಂಡ್ರ ಸೂಜಿ."

"ಕೊಡಲಿಲ್ಲಂದ್ರ?"

"ಈ ಕೂಸಿಗೆ ಏನೂ ಆಗೂದಿಲ್ಲ. ತಾಯಿಗೂ ಏನೂ ಗೊತ್ತಾಗೂದಿಲ್ಲ, ನಕ್ಕೋತ ಮನಿಗೆ ಹೋಗತಾಳ. ಮುಂದಿನ ಕೂಸು ಹೊಟ್ಟಿಯೊಳಗ ನಿಂತಾಗ ತಾಯಿ ರಕ್ತನ ಅದರ ಮ್ಯಾಲೆ ಹಗಿ ಸಾಧಸತೈತಿ. ಏನಿದ್ರೂ ಆವಾಗ ಗೊತ್ತಾಗೂದು."

ಇನ್ನೂ ಹುಟ್ಟದ, ಹುಟ್ಟುವ ಯೋಚನೆಯೂ ಯಾರಿಗೂ ಬಾರದ ಒಂದು ಮಗುವಿಗೆ ಇವತ್ತೇ ಕೇಡು ಬರೆದಿಡಬಹುದು ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ದಿನ ಬಣ್ಣದ ಪಟ್ಟಿ ತೆರೆದು ಕೂತು ಕೆಂಪನ್ನು ಆರಿಸುತ್ತಿದ್ದೆ. ಇಟ್ಟಿಗೆಯ ಕೆಂಪೋ, ಕುಂಕುಮದ ಕೆಂಪೋ. ಹುಡುಗಿ ಹಿಂದಿನಿಂದ ಬಗ್ಗಿ ನೋಡಿದಳು. ಆಗವಳಿಗೆ ಮೂರೋ ನಾಲ್ಕೋ ತಿಂಗಳು.

"ಅಕ್ಕಾ, ಮಂಚಿ ಎರುಪು ಪೆಟ್ಟು. ನೇನೂ ನೆಗಟಿವೇ. ನಾ ಫೋಟೋಲೋ ಪಡುತುಂದಿ," ಎಂದಳು. ಒಳ್ಳೆಯ ಕೆಂಪು ಇಡು, ನಾನೂ ನೆಗೆಟಿವ್, ನನ್ನ ಫೋಟೋದಲ್ಲಿ ಬರುತ್ತದೆ ಎಂದು. ಹೆರಿಗೆ ತವರಿನಲ್ಲಿ ಎಂದು ಗೊತ್ತಿದ್ದರೂ ಹಾಗೆ ತಮಾಷೆ. ನಾನು ಕುಂಕುಮದ ಕೆಂಪನ್ನೇ ಇಟ್ಟೆ.

ಆ ಪುಟದಲ್ಲಿ ತಾಯಿಯ ಚೀಟಿ ಕಾಕಾರದು. ದಸರೆಯ ನಂತರ ಆಸ್ಪತ್ರೆಯವರು ಮಗುವಿನ ಕೈಗೂ ಚೀಟಿ ಬೇಕು ಎಂದರು. ಅದನ್ನು ಹುಡುಗಿ ಬೇರೆ ಕಡತದಲ್ಲಿ ಬರೆದಳು. ಎರಡು ತುಂಡನ್ನೂ ಹೊಲಿದು ಒಂದೇ ಪುಟ ಮಾಡಿದರು: ಮೇಲೆ ಕಾಕಾರ ಟ್ಯಾಗು ತಾಯಿಯ ವಿವರಗಳನ್ನು ಪಾತ್ರೆಗಳಲ್ಲಿ ತುಂಬುವುದು, ಮಧ್ಯೆ ಅವಳ ತುಂಡು ಮಗುವಿನದನ್ನು ತುಂಬುವುದು, ಕೆಳಗೆ ಎರಡು ಚೀಟಿ. ಹುಡುಗಿ ಪರೀಕ್ಷಿಸಿದಳು, ಮಗುವಿನದು ಸರಿ. ಆಸ್ಪತ್ರೆಯವರು ಆಗ ತಾನೇ ದಾಖಲಾದ ನೆಗೆಟಿವ್ ತಾಯಿಯೊಬ್ಬಳದನ್ನು ತೆಗೆದು ನೋಡಿದರು, ಕೆಂಪು ಗೆರೆ ಇದೆ. ಎಲ್ಲರೂ ಒಪ್ಪಿದರು.

ಬೇಸಗೆ ಬಂತು. ಹುಡುಗಿಯ ಕಾಲು ಬಾತುಕೊಂಡಿದ್ದವು. ಒಂದು ಮಧ್ಯಾಹ್ನ ಊಟಕ್ಕೆ ಅವಳು ಕುರ್ಚಿ ಎಳೆದು ಕೂರುವ ಕಷ್ಟ ನೋಡಿ ಕಾಕಾ ಎಂದರು, "ಪಾಪ!"

ಅವಳ ಕಣ್ಣು ಅರಳಿದವು. "ಪಾಪ ಅಂಟೇ ಆಡಪಿಲ್ಲ ಕಾಕಾ! ಮೀಕೆಲಾ ತೆಲುಸು?" ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಕೂಸು, ನಿಮಗೆ ಹೇಗೆ ಗೊತ್ತಾಯಿತು ಎಂದು ಅವಳ ಪ್ರಶ್ನೆ.

"ಸುಮ್ನಿರವಾ ತಾಯಿ, ಅದನ್ನ ಮೊದಲ ಹೇಳಿದ್ರ ಜೇಲಿಗೆ ಹಾಕ್ತಾರ ನನ್ನ," ಎಂದು ಕಾಕಾ ಎರಡೂ ಕೈ ಎತ್ತಿದರು. ನಕ್ಕು ನಕ್ಕು ಅವಳಿಗೆ ನೆತ್ತಿಗೇರಿತು. ಆ ವಾರವೇ ತವರಿಗೆ ಹೋಗುವವಳಿದ್ದಳು.

ಹೋಗಲಿಲ್ಲ. ಮಂಗಳವಾರ ಬೆಳಗಿನ ಜಾವ ದಿನ ತುಂಬುವ ಮೊದಲೇ ನೋವು ಬಂತು. ಅವಳನ್ನು ತಿಂಗಳು ತಿಂಗಳು ನೋಡಿದ ಡಾಕ್ಟರು, ಅವಳ ಫೈಲು, ಎಲ್ಲ ವರಂಗಲ್ಲಿನಲ್ಲಿ. ಗಂಡ ಹತ್ತಿರದ ಆಸ್ಪತ್ರೆಗೆ ಕರೆದೊಯ್ದ. ಹತ್ತಿರದ್ದು ಎಂದರೆ ನಮ್ಮದೇ, ಅಬಿಡ್ಸ್ ಹಿಂದಿನ ಗಲ್ಲಿಯದು. ಆಪರೇಷನ್ ಆಯಿತು, ಹೆಣ್ಣುಮಗು, ಇಬ್ಬರೂ ಕ್ಷೇಮ ಎಂದು ಸುದ್ದಿ ಬಂತು. ಕಾಕಾ ಪೇಢಾ ತರಿಸಿ, "ನಾ ಹೇಳಿದ್ನೋ ಇಲ್ಲೋ, ಪಾಪ ಅಂತ," ಎಂದು ಮೇಜು ಮೇಜಿಗೂ ಹೋಗಿ ಹಂಚಿದರು.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಕಚೇರಿಯ ವಾಟ್ಸಾಪ್ ಗುಂಪಿಗೆ ಹುಡುಗಿಯ ಫೋನಿನಿಂದ ಅವಳ ಗಂಡ ಫೋಟೋ ಹಾಕಿದ. ಹಾಸಿಗೆಯಲ್ಲಿ ಒರಗಿದ ಹುಡುಗಿ, ಎದೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಗು, ಮಗುವಿನ ತಲೆಯ ಕೆಳಗೆ ಅವಳ ಕೈ. ಸಂಜೆ ಮನೆಗೆ ಹೊರಟೆವು ಎಂದು ಬರೆದಿದ್ದ. ಹೃದಯಗಳು, ಹೂಗಳು ಸಾಲುಸಾಲಾಗಿ ಬಿದ್ದವು. ನಾನೂ ಒಂದು ಹೂ ಹಾಕಲು ಬೆರಳು ಚಾಚಿದವಳು, ಅಭ್ಯಾಸಬಲದಿಂದ, ನನ್ನ ಕೆಂಪು ಹೇಗೆ ಬಂದಿದೆ ಎಂದು ಅವಳ ಕೈಪಟ್ಟಿಯನ್ನು ದೊಡ್ಡದು ಮಾಡಿ ನೋಡಿದೆ.

ಕೆಂಪು ಇರಲಿಲ್ಲ. ಬೆಳ್ಳಗಿನ ಅಂಚು. ಹೆಸರಿನ ಕೆಳಗೆ, ಓ ಪಾಸಿಟಿವ್.

"ಕಾಕಾ," ಎಂದೆ. ಫೋನನ್ನು ಅವರ ರೊಟ್ಟಿಯ ಪಕ್ಕಕ್ಕೆ ಇಟ್ಟೆ. "ಈಕಿ ನೆಗೆಟಿವ್ ಅಲ್ರಿ?"

ಅವರು ಕನ್ನಡಕ ಹಣೆಗೇರಿಸಿ ನೋಡಿದರು. "ಪ್ರಿಂಟರ್‌ನ್ಯಾಗ ಕೆಂಪು ಶಾಯಿ ಮುಗದಿರಬೇಕು," ಎಂದರು. ಎಂದವರು ಮತ್ತೆ ನೋಡಿದರು. ಶಾಯಿ ಮುಗಿದರೆ ಗೆರೆ ಹೋಗಬಹುದು. ನೆಗೆಟಿವ್ ಹೋಗಿ ಪಾಸಿಟಿವ್ ಬರುವುದಿಲ್ಲ. ಎಂಜಲು ಕೈಯಲ್ಲೇ ಎದ್ದರು. ಡಬ್ಬಿ ತೆರೆದೇ ಉಳಿಯಿತು.

ಪುಟವನ್ನು ತೆರೆದು, 'ಗುಂಪು' ಎಂದು ಹುಡುಕಲು ಹಾಕಿದರು. ಅದು ಅವರ ಪಾತ್ರೆ. ರಕ್ತದ ಗುಂಪಿಗೆ ಕನ್ನಡದಲ್ಲಿ ಮತ್ತೇನು ಹೆಸರಿಡುತ್ತಾರೆ? ಮೊದಲ ಸಲ ಒತ್ತಿದಾಗ ಮೇಲೆ ನಿಂತಿತು, ತಾಯಿಯ ಟ್ಯಾಗಿನಲ್ಲಿ. ಸರಿ. ಇನ್ನೊಮ್ಮೆ ಒತ್ತಿದರು. ಕೆಳಗಿನ ಚೀಟಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮಧ್ಯದಲ್ಲಿ ನಿಂತಿತು.

"ಇದು ನಂದಲ್ಲ," ಎಂದರು ಕಾಕಾ.

ಪರದೆಯನ್ನೇ ನೋಡುತ್ತ ಕೇಳಿದರು, "ಯವ್ವಾ, ತೆಲುಗಿನ್ಯಾಗ ಗುಂಪಿಗೆ ಏನಂತಾರ?"

"ಗುಂಪು," ಎಂದೆ.

ಊಟದ ಮೇಜಿನಲ್ಲಿ ಆ ಮಾತು ಬಂದಿದ್ದರೆ ಒಂದು ತುತ್ತು ಎಣಗಾಯಿಗೆ ಆಗುತ್ತಿತ್ತು. ಬಂದಿರಲಿಲ್ಲ. ಅವಳು ನೇಮದ ಪ್ರಕಾರ ತನ್ನ ಮನೆಮಾತಿನಲ್ಲಿ ಹೆಸರಿಟ್ಟಿದ್ದಳು, ಇವರೂ ಇಟ್ಟಿದ್ದರು. ಮಗುವಿನ ರಕ್ತದ ವರದಿ ಬರುವ ತನಕ ಅವಳ ಟ್ಯಾಗು ಏನನ್ನೂ ತುಂಬುವುದಿಲ್ಲ, ತಾಯಿಯದು ತಾಯಿಯದೇ ಇರುತ್ತದೆ. ವರದಿ ಬಂದ ಗಳಿಗೆಯಿಂದ ತಾಯಿಯ ಪಾತ್ರೆಯಲ್ಲಿ ಮಗುವಿನ ರಕ್ತ. ಆಸ್ಪತ್ರೆಯವರು ಆಗಲೇ ಎರಡು ಚೀಟಿಗಳನ್ನೂ ಹೊಸದಾಗಿ ಅಚ್ಚು ಹಾಕಿ, ಹಳೆಯ ಕೈಪಟ್ಟಿ ಕತ್ತರಿಸಿ ಹೊಸದು ಕಟ್ಟುವುದು. ಮಗು ನೆಗೆಟಿವ್ ಆದರೆ ಕೆಂಪು ಗೆರೆ ಇರುತ್ತದೆ, ಅದು ಬೇಕಾಗಿರುವುದಿಲ್ಲ. ಮಗು ಪಾಸಿಟಿವ್ ಆದರೆ, ಕೆಂಪು ಎಲ್ಲಕ್ಕಿಂತ ಬೇಕಾದ ಆ ಹೊತ್ತಿಗೇ, ಅಳಿಸಿಹೋಗುತ್ತದೆ. ಬೇಕೆಂದೇ ಯಾರೋ ಕೂತು ಹೆಣೆದರೂ ಇಷ್ಟು ಸರಿಯಾಗಿ ಹೆಣೆಯಲಾರರು.

"ಆಕಿ ಬರದದ್ದು ಖರೇ ಐತಿ," ಎಂದರು ಕಾಕಾ ಮೆಲ್ಲಗೆ. "ನಾ ಬರದದ್ದೂ ಖರೇ ಐತಿ. ಹಿಂಗ್ಯಾಕಾತು?" ಆಮೇಲೆ ಒಮ್ಮೆಲೇ, "ಮಂಗಳವಾರ ಮುಂಜಾನೆ ಹಡದಾಳ. ಮೂರು ದಿನ ನಾಳೆ ಮುಂಜಾನೆಗೆ ಮುಗೀತಾವ. ಸಂಜಿಗೆ ಮನಿಗೆ ಕಳಸ್ತಾರ. ನೀ ನಡಿ, ಇಲ್ಲಿ ನಾ ನೋಡತೀನಿ."

ಹುಡುಗಿಗೂ ಅವಳ ಗಂಡನಿಗೂ ಫೋನು ಹಾಕಿದೆ; ಇಬ್ಬರೂ ಎತ್ತಲಿಲ್ಲ. ಆಸ್ಪತ್ರೆಯ ನಂಬರಿಗೆ ಹಾಕಿದರೆ ಸಂಗೀತ, ನಡುವೆ ಒಂದು ಹೆಣ್ಣುದನಿ, ನಿಮ್ಮ ಕರೆ ನಮಗೆ ಮುಖ್ಯ ಎನ್ನುವುದು. ಕೊಂಡಾಪುರದಿಂದ ಅಬಿಡ್ಸ್ ತನಕ ಆಟೋದಲ್ಲಿ ಕೂತು ಅದನ್ನೇ ಕೇಳುತ್ತ ಹೋದೆ. ಬಿಸಿಲಿಗೆ ರಸ್ತೆ ಕರಗಿದಂತಿತ್ತು. ಸಿಗ್ನಲ್ ಒಂದರಲ್ಲಿ ಪಕ್ಕದ ಸ್ಕೂಟರಿನ ಮೇಲೆ ಗಂಡ ಹೆಂಡತಿ, ನಡುವೆ ಒಂದು ಮಗು. ಅದು ನನ್ನನ್ನು ನೋಡಿ ನಕ್ಕಿತು. ಎರಡನೆಯದೋ ಮೊದಲನೆಯದೋ ಎಂದು ಯೋಚಿಸಿದೆ. ಯಾಕೆ ಯೋಚಿಸಿದೆ ಎಂದು ನನಗೇ ಹೆದರಿಕೆಯಾಯಿತು.

ವಾರ್ಡಿನ ಬಾಗಿಲಲ್ಲಿ ಗಂಡ ಚೀಲಗಳನ್ನು ಜೋಡಿಸುತ್ತಿದ್ದ. ಹುಡುಗಿ ಮಾತ್ರೆಯ ಮಂಪರಿನಲ್ಲಿ, ಕರೆದರೂ ಏಳದಷ್ಟು ನಿದ್ದೆ ಹೋಗಿದ್ದಳು. ನರ್ಸ್ ಒಬ್ಬಾಕೆ, ನಡುವಯಸ್ಸಿನ ತೆಲುಗಿನವಳು, ಮಗುವಿಗೆ ಟೋಪಿ ಹಾಕುತ್ತಿದ್ದಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಕಂಪ್ಯೂಟರ್‌ಲೋ ಪಾಜಿಟಿವ್ ಉಂದಿ ಕದಮ್ಮಾ." ಕಂಪ್ಯೂಟರಿನಲ್ಲಿ ಪಾಸಿಟಿವ್ ಎಂದೇ ಇದೆಯಲ್ಲ ಎಂದು, ಚೀಟಿಯ ಪುಟವನ್ನು ತೋರಿಸಿ.

ಕಂಪ್ಯೂಟರು ಹೇಳಿದ್ದೇ ತಪ್ಪು, ಆ ಪುಟ ಬರೆದವರೇ ನಾವು ಎಂದೆ. ಆಮೇಲಿನ ಮಾತೆಲ್ಲ ತೆಲುಗಿನಲ್ಲೇ ನಡೆಯಿತು. ಬರೆದವರು ನೀವೇ, ತಪ್ಪು ಎನ್ನುವವರೂ ನೀವೇ, ಹಾಗಾದರೆ ನಾನು ಯಾವುದನ್ನು ನಂಬಲಿ ಎಂದಳು ನರ್ಸ್. ನ್ಯಾಯವಾದ ಮಾತೇ. ಡಿಸ್ಚಾರ್ಜ್ ಆದವರಿಗೆ ಡಾಕ್ಟರು ಹೇಳದೆ ಮತ್ತೆ ರಕ್ತ ತೆಗೆಯಲಾಗದು, ಡಾಕ್ಟರು ಆಪರೇಷನ್‌ನಲ್ಲಿದ್ದಾರೆ ಎಂದೂ ಹೇಳಿದಳು. ಗಂಡ ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದ.

"ನಿನಗೆ ಗೊತ್ತಿಲ್ಲವೇನಪ್ಪಾ, ಅವಳು ನೆಗೆಟಿವ್ ಅಂತ?" ಎಂದು ಕೇಳಿದೆ.

"ಹೇಳಿದ್ದಳೇನೋ," ಎಂದ. "ಅವಳು ಎಷ್ಟೊಂದು ಹೇಳ್ತಾಳೆ, ಅಕ್ಕಾ."

ಆಗ ಫೋಟೋ ನೆನಪಾಯಿತು. ದಾಖಲಾದ ದಿನ ಏನಾದರೂ ತೆಗೆದಿದ್ದೀಯಾ ಎಂದೆ. ಗಂಡ ಫೋನು ಜಾಲಾಡಿದ. ಮಗುವಿನವು, ಮಗುವಿನವು, ಮಗುವಿನವು. ಎಲ್ಲಕ್ಕಿಂತ ಹಿಂದೆ ಒಂದೇ ಒಂದು. ಆಪರೇಷನ್ನಿಗೆ ಒಯ್ಯುವ ಮೊದಲು, ನೋವಿನಲ್ಲಿ ಮುಖ ಕಿವುಚಿಕೊಂಡಿದ್ದರೂ, ಕ್ಯಾಮೆರಾದ ಕಡೆ ಮುಂಗೈ ಎತ್ತಿ ತೋರಿಸುತ್ತಿದ್ದಾಳೆ. ಕೈಪಟ್ಟಿಯ ಅಂಚಿಗೆ ಕುಂಕುಮದ ಕೆಂಪು.

"ಅಕ್ಕನಿಗೆ ಕಳಿಸು ಅಂದಿದ್ದಳು," ಎಂದ ಗಂಡ. "ಗಡಿಬಿಡಿಯಲ್ಲಿ ಮರೆತೆ."

ನರ್ಸ್ ಫೋನನ್ನು ಕೈಗೆ ತೆಗೆದುಕೊಂಡು ನೋಡಿದಳು. ಹಾಸಿಗೆಯ ಹತ್ತಿರ ಹೋಗಿ, ನಿದ್ದೆ ಹೋದ ಹುಡುಗಿಯ ಕೈ ಎತ್ತಿ, ಬಿಳಿ ಅಂಚನ್ನು ನೋಡಿದಳು. ಅದೇ ಕೈ. ಆಮೇಲೆ ಆಕೆ ಡಾಕ್ಟರಿಗೆ ಕಾಯಲಿಲ್ಲ. ಹುಡುಗಿಯ ಬೆರಳಿಗೆ ಚುಚ್ಚಿ ಗಾಜಿನ ಮೇಲೆ ಹನಿ ತೆಗೆದುಕೊಂಡು ತಾನೇ ಲ್ಯಾಬಿಗೆ ನಡೆದಳು. ನಡೆದಳು ಎಂದೆ, ಓಡಿದಳು.

ಬಂದದ್ದು ಓ ನೆಗೆಟಿವ್. ಬೆಳಕು ಹಳದಿಯಾಗುವ ಹೊತ್ತಿಗೆ ಇಂಜೆಕ್ಷನ್ ಕೊಟ್ಟಾಯಿತು. ಕಾಕಾರಿಗೆ ಫೋನು ಮಾಡಿ, "ಕೊಟ್ರು ಕಾಕಾ," ಎಂದೆ. ಆ ಕಡೆ ಮೂಗು ಸೀಟಿದ ಸದ್ದು ಬಂತು. "ಪುಟ ಸರಿ ಮಾಡೀನಿ," ಎಂದರು ಆಮೇಲೆ. "ವಯಸ್ಸೂ ಹಿಂಗ ಆಗಬೇಕಿತ್ತು ನೋಡವಾ, ಇಬ್ಬರಿಗೂ ಅದ ಮಾತು. ಇಂಗ್ಲಿಷ್ ಅಕ್ಷರದಾಗ ನಾ ಎರಡು ಎಸ್ ಹಾಕೀನಿ, ಆಕಿ ಒಂದು ಹಾಕ್ಯಾಳ. ಅಷ್ಟರಾಗ ಉಳದೈತಿ."

ಸೂಜಿಯ ನೋವಿಗೆ ಹುಡುಗಿ ಎಚ್ಚರಗೊಂಡಿದ್ದಳು. ಗಂಡ ಎಲ್ಲವನ್ನೂ ಹೇಳಿದ. ನಾನು ಪಕ್ಕದಲ್ಲಿ ಕೂತು ಅವಳ ಕೂದಲು ಸರಿಮಾಡಿದೆ. ಎಲ್ಲ ಆಯಿತು, ಇನ್ನೇನು ಭಯವಿಲ್ಲ ಎಂದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಮಗುವಿನ ಟೋಪಿಯನ್ನೇ ನೋಡುತ್ತಿದ್ದಳು. ಅವಳ ತಲೆಯೊಳಗೆ ಪುಟದ ಸಾಲುಗಳು ಒಂದೊಂದಾಗಿ ಇಳಿಯುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಅವಳೇ ಬರೆದ ಸಾಲುಗಳಲ್ಲವೇ.

"ಅಕ್ಕಾ," ಎಂದಳು. "ನಾಕಂಟೇ ಮುಂದು?"

ನನಗಿಂತ ಮುಂಚೆ? ನರ್ಸ್ ಇಂಜೆಕ್ಷನ್ ತಟ್ಟೆ ಹಿಡಿದು ಹೊರಟವಳು ಬಾಗಿಲಲ್ಲೇ ನಿಂತಳು. ದಸರೆಯಿಂದ ಇವತ್ತಿನ ತನಕ ಆ ವಾರ್ಡಿನಲ್ಲಿ ಎಷ್ಟು ತಾಯಂದಿರು ನಕ್ಕೋತ ಮನೆಗೆ ಹೋಗಿದ್ದರು?

ತಪ್ಪಾದದ್ದು ವಾರ್ಡಿನವರಿಗೆ ಕಾಣುವ ಚೀಟಿಯ ಪುಟ ಮಾತ್ರ. ಒಳಗಿನ ದಾಖಲೆಯಲ್ಲಿ ತಾಯಿಯದು ತಾಯಿಯದಾಗಿ, ಮಗುವಿನದು ಮಗುವಿನದಾಗಿ ಸುರಕ್ಷಿತವಾಗಿತ್ತು. ಮರುದಿನ ಕಾಕಾ ಅದನ್ನು ಜರಡಿ ಹಿಡಿದರು. ನೆಗೆಟಿವ್ ತಾಯಿ, ಪಾಸಿಟಿವ್ ಮಗು, ಇಂಜೆಕ್ಷನ್ ಕೊಟ್ಟ ಗುರುತಿಲ್ಲ. ಹೆಚ್ಚು ಜನರಿರಲಿಲ್ಲ. ಇದ್ದವರು ಬೆರಳಲ್ಲಿ ಎಣಿಸುವಷ್ಟೇ, ಆದರೆ ಇದ್ದರು. ಅವರನ್ನೆಲ್ಲ ಕರೆಸಿ ರಕ್ತ ನೋಡಬೇಕು ಎಂದು ಆಸ್ಪತ್ರೆಯವರು ತೀರ್ಮಾನಿಸಿದರು. ಫೋನು ಮಾಡಲು ಆ ನರ್ಸ್ ಕೂತಳು. ಒಂದು ಮನೆಯವರಿಗೆ ತೆಲುಗು ಸರಿಯಾಗಿ ಬರುವುದಿಲ್ಲ, ಬೀದರ್ ಕಡೆಯವರು ಎಂದು ನನ್ನನ್ನು ಕರೆಸಿದರು.

ಫೋನು ಎತ್ತಿದ್ದು ತಾಯಿಯೇ. ದನಿ ಎಳೆಯದು, ಹಿಂದೆ ಕುಕ್ಕರ್ ಸೀಟಿ, ಕೂಸಿನ ಕೇಕೆ. ಎಲ್ಲಿಂದ ಎಂದು ಹೇಳಿದೆ.

"ಹೌದ್ರಿ ಬಾಯಾರ, ಅಲ್ಲೇ ಹಡದೀನಿ. ಭಾಳ ಛಲೋ ನೋಡಿಕೊಂಡ್ರಿ ನಿಮ್ಮ ಮಂದಿ. ಏನಾಗಬೇಕಿತ್ರಿ?"

ಆ ಒಂದು ಶಬ್ದವನ್ನು ಬಿಟ್ಟು ಹೇಳುವುದು ಹೇಗೆಂದು ಹುಡುಕಿದೆ. ಅಜ್ಜಿಯ ಕನ್ನಡದಲ್ಲಿ ಬೇರೆ ಶಬ್ದ ಇರಲಿಲ್ಲ.

"ನಿಮ್ಮ ರಕ್ತದ ಗುಂಪು ಇನ್ನೊಮ್ಮೆ ನೋಡಬೇಕ್ರಿ," ಎಂದೆ.

"ಅಯ್ಯ, ಅದರಾಗೇನೈತ್ರಿ ನೋಡೂದು? ನಂದು ಪಾಸಿಟಿವ್. ಕೈಪಟ್ಟಿ ಇನ್ನೂ ಇಟ್ಟೀನಿ, ಕೂಸಿನ ನೆನಪಿಗೆ, ದೇವರ ಗೂಡಿನ್ಯಾಗ. ತಂದು ಓದ್ಲೇನು?" ಎಂದಳು. ನಾನು ಬೇಡ ಎನ್ನುವ ಮೊದಲೇ ದನಿ ತಗ್ಗಿಸಿ, ನಾಚಿಕೊಂಡು, ತವರಿನವರಿಗೆ ಹೇಳುವಂತೆ ಹೇಳಿದಳು. "ನಾನ ಬರಾಕಿದ್ದೆ ಬಿಡ್ರಿ. ಮತ್ತ ದಿನ ನಿಂತಾವ. ಈಗ ಮೂರನೇ ತಿಂಗಳು ನಡದೈತಿ."

ನರ್ಸಿಗೆ ಕನ್ನಡ ತಿಳಿಯದು. ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟಳು.

"ನಾಳೆ ಮುಂಜಾನೇನ ಬಂದುಬಿಡ್ರಿ," ಎಂದೆ. "ತಡ ಮಾಡಬ್ಯಾಡ್ರಿ. ನಾನೂ ಇಲ್ಲೇ ಇರತೀನಿ."

ಆ ಕಡೆ ಕುಕ್ಕರ್ ಸೀಟಿ ನಿಂತಿತ್ತು.

"ಬಾಯಾರ," ಎಂದಳು ಆಕೆ, "ಹೆದರೂ ಅಂಥದ್ದೇನಿಲ್ಲಲ್ರಿ?"